ಇಪ್ಪತ್ತೊಂದನೆಯ ಮುಳ್ಳು

ಊರಿಗೆ ಟಿವಿಯ ವೈರು ಬಂದ ವರ್ಷ, ಊರಿನ ನಿಚ್ಚಳದಲ್ಲಿ ನಮ್ಮ ಕೇರಿಗಿದ್ದ ಪಾಲನ್ನು ತೆಗೆದು ದಿಬ್ಬದ ಬೀದಿಗೆ ಸೇರಿಸಿದರು. ಆಗ ನನಗೆ ಹದಿನಾರು ವರ್ಷ. ಅಂದಿನಿಂದ ದಿಬ್ಬದ ಮನೆಗಳಲ್ಲಿ ಫೋರ್‌ಕೆ ಚಿತ್ರ ಹಾಕಿದಾಗಲೆಲ್ಲ ನಮ್ಮ ಕೇರಿ ಮಬ್ಬಾಗುತ್ತದೆ.

ಮಬ್ಬು ಅಂದರೆ ಕತ್ತಲೆಯಲ್ಲ. ಬಿಸಿಲು ಇದ್ದ ಹಾಗೆಯೇ ಇರುತ್ತದೆ, ವಸ್ತುಗಳ ಅಂಚು ಮಾತ್ರ ಹೋಗುತ್ತದೆ. ಒಂದು ಮನೆಯವರು ಚಿತ್ರ ಹಾಕಿದರೆ ಅಕ್ಷರಗಳು ಅಳಿಸುತ್ತವೆ. ಔಷಧಿ ಚೀಟಿಯಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೀ ಕಪ್ಪು ಇರುವೆಸಾಲು ಉಳಿಯುತ್ತದೆ. ಮೂರು ಮನೆಯವರು ಹಾಕಿದರೆ ಅಕ್ಕಿಯಲ್ಲಿ ಕಲ್ಲು ಯಾವುದು ಕಾಳು ಯಾವುದು ತಿಳಿಯುವುದಿಲ್ಲ. ಹತ್ತು ಮನೆಯವರು ಹಾಕಿದರೆ ಮುಖಗಳು ಹೋಗುತ್ತವೆ. ಕಣ್ಣು, ಮೂಗು, ಬಾಯಿ ಇದ್ದ ಕಡೆ ಒದ್ದೆ ಬೆರಳಿನಿಂದ ತಿಕ್ಕಿದ ಸೀಮೆಸುಣ್ಣದ ಗೆರೆಯಂಥದು ಏನೋ ಇರುತ್ತದೆ. ನಮ್ಮ ಜನ, ನಮ್ಮ ಮೇಕೆ, ನಮ್ಮ ಕೊಡ, ನಮ್ಮ ಬಟ್ಟೆ ಎಲ್ಲಕ್ಕೂ ಹೀಗೆಯೇ. ನಾವು ಕೇರಿ ಬಿಟ್ಟು ದಿಬ್ಬ ಹತ್ತಿದರೆ ಮಬ್ಬು ನಮ್ಮ ಜೊತೆಗೇ ಹತ್ತುತ್ತದೆ. ದಿಬ್ಬದವರು ಕೇರಿಗೆ ಇಳಿದರೆ ಅವರೊಬ್ಬರೇ ನಿಚ್ಚಳವಾಗಿರುತ್ತಾರೆ, ಅಂಗಿಯ ಗುಂಡಿಯ ದಾರದವರೆಗೆ.

ಹನ್ನೊಂದರಿಂದ ಎರಡು ಗಂಟೆಯವರೆಗೆ ದಿಬ್ಬದಲ್ಲಿ ಚಿತ್ರ ಹಾಕುವುದಿಲ್ಲ. ಇದೊಂದು ಕರಾರೇನಲ್ಲ. ಆ ಹೊತ್ತಿಗೆ ಅವರು ಅಂಗಡಿ, ಆಫೀಸು, ಊಟ, ನಿದ್ದೆ ಎಂದು ಇರುತ್ತಾರೆ, ಅಷ್ಟೇ. ನಾವು ಅದನ್ನು ನಿಚ್ಚಳದ ಹೊತ್ತು ಎನ್ನುತ್ತೇವೆ. ಕಣ್ಣಿನ ಕೆಲಸವೆಲ್ಲ ಆಗಲೇ ಆಗಬೇಕು. ಅಕ್ಕಿ ಆರಿಸುವುದು, ಹೇನು ನೋಡುವುದು, ಕಾಲಿನ ಮುಳ್ಳು ತೆಗೆಯುವುದು, ಹೆಣ್ಣು ನೋಡುವುದು ಎಲ್ಲ ಆಗಲೇ. ಕ್ಷೌರದ ಮಾಬುಸಾಬಿ ಹನ್ನೊಂದಕ್ಕೆ ಕತ್ತಿ ಹಿಡಿದು ಎರಡಕ್ಕೆ ಕೆಳಗಿಡುತ್ತಾನೆ. ಅರ್ಧ ಗಡ್ಡವಾಗಿದ್ದರೆ ಅರ್ಧ ಗಡ್ಡದಲ್ಲೇ ಕಳಿಸುತ್ತಾನೆ. ಉಳಿದರ್ಧ ನಾಳೆ. ಯಾರೂ ಜಗಳವಾಡುವುದಿಲ್ಲ.

ಎರಡು ಗಂಟೆಯ ನಂತರ ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು ಹೆಸರು ಹೇಳಬೇಕು. "ನಾ ಹುಲಿಗಿ ಬಂದೀನಿ" ಎಂದು ನಾನು ಹೇಳುತ್ತೇನೆ. ನನ್ನ ಸ್ವಂತ ಮನೆಗೇ ಹಾಗೆ ಹೇಳಿ ಒಳಗೆ ಹೋಗುತ್ತೇನೆ. ಎದುರುಮನೆಯ ಯಲ್ಲವ್ವಳ ಗಂಡ ಒಮ್ಮೆ ಹೆಸರು ಹೇಳದೆ ಒಳಗೆ ಬಂದು ಕಟ್ಟಿಗೆಯಿಂದ ಏಟು ತಿಂದ. "ದನಿ ಮಾಡಬೇಕಿಲ್ಲೋ ಮೂಳಾ, ನಾಯಿ ಹೊಕ್ಕಿತು ಅಂದ್ಕೊಂಡೆ" ಎಂದು ಯಲ್ಲವ್ವ ಅವನ ಬೆನ್ನಿಗೆ ಅರಿಶಿನ ಹಚ್ಚಿದಳು. "ಮಬ್ಬಿನಾಗ ಒಂದು ಸುಖ ಐತಿ ನೋಡವಾ ಹುಲಿಗಿ. ನನ್ನ ಗಂಡ ಮಬ್ಬಿನಾಗ ಭಾಳ ಚಂದ ಕಾಣ್ತಾನ" ಎಂದು ಅವಳು ಆಗಾಗ ಹೇಳುತ್ತಾಳೆ.

ಮೊದಲನೆಯ ವರ್ಷ ನಾವು ವೈರಿನ ಆಫೀಸಿಗೆ ಅರ್ಜಿ ಕೊಟ್ಟೆವು. ಕೇರಿಯ ಓದುವ ಬಳಗದಲ್ಲಿ ನಾಲ್ಕು ದಿನ ಕೂತು ಬರೆದ ಅರ್ಜಿ ಅದು. ಉತ್ತರ ಬಂದದ್ದು ಒಂದು ಸಂಜೆ. ಹಾಗಾಗಿ ಮರುದಿನ ಹನ್ನೊಂದು ಗಂಟೆಯವರೆಗೆ ಅದರಲ್ಲಿ ಏನಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಹನ್ನೊಂದಕ್ಕೆ ಓದಿದೆವು. "ನಿಮ್ಮ ಕೇರಿಯಲ್ಲಿ ಬಳಕೆಯಾಗದೆ ಉಳಿದಿದ್ದ ನಿಚ್ಚಳವನ್ನು ಮಾತ್ರ ವರ್ಗಾಯಿಸಲಾಗಿದೆ" ಎಂದಿತ್ತು.

ಈಗ ನಾನು ಆ ವೈರಿನ ಆಫೀಸಿನಲ್ಲೇ ಕೆಲಸ ಮಾಡುತ್ತೇನೆ. ಊರಿಗೆ ಬರುವ ನಿಚ್ಚಳವೆಲ್ಲ ಹೋದರೂ ದಿಬ್ಬಕ್ಕೆ ಸಾಲುವುದಿಲ್ಲ. ಹಾಲಿನಲ್ಲಿ ಒಂದು ಪರದೆ, ಮಲಗುವ ಕೋಣೆಗೊಂದು, ಅಡುಗೆಮನೆಗೊಂದು. ಎಲ್ಲರೂ ಒಟ್ಟಿಗೆ ಹಾಕಿದಾಗ ಚಿತ್ರ ನಿಲ್ಲುತ್ತದೆ. ಪರದೆಯ ನಡುವೆ ಒಂದು ಬಿಳಿ ಚಕ್ರ ಸುತ್ತತೊಡಗುತ್ತದೆ. ಆಗ ಆಫೀಸಿಗೆ ಫೋನು ಬರುತ್ತದೆ. ನಾನು ಹೋಗಿ ಟಿವಿಯ ಹಿಂದೆ ಮೊಣಕಾಲೂರಿ ಕೂತು ವೈರು ಕೀಳುತ್ತೇನೆ, ಹತ್ತು ಎಣಿಸುತ್ತೇನೆ, ಮತ್ತೆ ಸಿಕ್ಕಿಸುತ್ತೇನೆ. ಬಹಳ ಸಲ ಅಷ್ಟೇ ಸಾಕಾಗುತ್ತದೆ. ಅಷ್ಟರಲ್ಲಿ ಮಬ್ಬು ಏಳುವುದಿಲ್ಲ, ಅದು ಏಳುವುದು ನಿಧಾನ.

ಹೆಚ್ಚಿನ ಫೋನು ನೀಲಾಂಬಿಕಾ ಅಮ್ಮನವರ ಮನೆಯಿಂದ. ದಿಬ್ಬದಲ್ಲಿ ದೊಡ್ಡ ಮನೆ ಅದು. ಹಾಲಿನ ಒಂದು ಗೋಡೆಯೇ ಪರದೆ. ಅವರ ಮಗ ಮಹಾಂತೇಶಪ್ಪ ಅದನ್ನು ಹಾಕಿದರೆ ಹತ್ತು ಮನೆ ಸೇರಿ ಹಾಕಿದಷ್ಟು ಮಬ್ಬು ಇಳಿಯುತ್ತದೆ. ಆರು ವರ್ಷದಲ್ಲಿ ನಾನು ಆ ಮನೆಗೆ ನಲವತ್ತು ಸಲವಾದರೂ ಹೋಗಿದ್ದೇನೆ. ಪ್ರತಿ ಸಲವೂ ಅಮ್ಮನವರು "ಹೊಸಬಳೇನಮ್ಮ?" ಎಂದು ಕೇಳುತ್ತಾರೆ. ಅವರ ತಪ್ಪಲ್ಲ. ಚಿತ್ರ ಹಾಕಿಕೊಂಡಿರುವಾಗಲೇ ನಾನು ಹೋಗುವುದು, ಆಗ ನನಗೆ ಮುಖವಿರುವುದಿಲ್ಲ. "ಹೌದ್ರಿ" ಎನ್ನುತ್ತೇನೆ.

ಆ ಮನೆಯಲ್ಲಿ ನಾನು ಎರಡು ವರ್ಷದ ಹಿಂದೆ ಒಂದು ಕೆಲಸ ಮಾಡಿದೆ. ಚಕ್ರ ಸುತ್ತುತ್ತಿದೆ ಎಂದು ಕರೆದಿದ್ದರು. ವೈರು ಕೀಳುವ ಬದಲು ಟಿವಿಯ ಸೆಟ್ಟಿಂಗಿನ ಪಟ್ಟಿಗೆ ಹೋಗಿ ಚಿತ್ರವನ್ನು ಫೋರ್‌ಕೆಯಿಂದ ಎರಡು ಮೆಟ್ಟಿಲು ಕೆಳಗೆ ಇಳಿಸಿದೆ. ಮೂರು ಸಲ ಗುಂಡಿ ಒತ್ತಿದರೆ ಆಗುವ ಕೆಲಸ. ಪರದೆಯ ಮೇಲೆ ಹುಲಿಯೊಂದು ನೀರು ಕುಡಿಯುತ್ತಿತ್ತು. ಮಹಾಂತೇಶಪ್ಪ ಸೋಫಾದಲ್ಲಿ ಒರಗಿ, "ಆಹಾ, ಈಗ ಸರಿಹೋಯ್ತು ನೋಡಿ. ಮೀಸೆ ಎಣಿಸಬಹುದು" ಎಂದರು. ಹನ್ನೊಂದು ದಿನ ಯಾರಿಗೂ ಗೊತ್ತಾಗಲಿಲ್ಲ. ಹನ್ನೊಂದು ಸಂಜೆ ಕೇರಿಯಲ್ಲಿ ಮುಖಗಳಿದ್ದವು. ಮಾಬುಸಾಬಿ ಪೂರ್ತಿ ಗಡ್ಡ ಮಾಡಿ ಕಳಿಸಿದ. ಯಲ್ಲವ್ವ ಗಂಡನ ಮುಖ ನೋಡಿ, "ಇದರಕಿಂತ ಮಬ್ಬ ಚಲೋ ಇತ್ತು" ಎಂದಳು. ಹನ್ನೆರಡನೆಯ ದಿನ ಅಮ್ಮನವರ ಅಳಿಯ ಬಂದರು. ಅವರಿಗೆ ಪರದೆಯ ಮೂಲೆಯಲ್ಲಿರುವ ಸಂಖ್ಯೆ ಓದುವ ಅಭ್ಯಾಸವಿತ್ತು. ಅಂದಿನಿಂದ ದಿಬ್ಬದ ಟಿವಿಗಳಿಗೆಲ್ಲ ಪಾಸ್‌ವರ್ಡ್ ಹಾಕಿದ್ದಾರೆ. ವೈರು ನೋಡಲು ಹೋಗುವವರು ನಾವು ಕೆಲವರಿದ್ದೆವು, ಇಳಿಸಿದ್ದು ಯಾರೆಂದು ಆಫೀಸಿನವರು ವಿಚಾರಣೆ ಮಾಡಿದರು. ಬಂದವಳ ಮುಖ ಹೇಗಿತ್ತು ಎಂದು ಆ ಮನೆಯವರನ್ನು ಕೇಳಿದರು. ಅವರು ಹೇಳಲಾರದೆ ಹೋದರು.

ಗಾಳೆವ್ವ ನನ್ನ ದೊಡ್ಡವ್ವ, ಅವ್ವನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಪಂಚೆ, ಅಂಗಿಗಳನ್ನು ಐದು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ಸಾಲುಹೊಲಿಗೆ ಹಾಕುವುದು. ಪದರ ಜರುಗಬಾರದೆಂದು ಬೇರೆ ಕಡೆ ಗುಂಡುಪಿನ್ನು ಚುಚ್ಚುತ್ತಾರೆ. ನಮ್ಮ ಕೇರಿಯಲ್ಲಿ ಜಾಲಿಮುಳ್ಳು ಚುಚ್ಚುತ್ತಾರೆ. ಬೆರಳುದ್ದದ ಬಿಳಿ ಮುಳ್ಳು. ಪಿನ್ನು ಬಟ್ಟೆಗೆ ತುಕ್ಕು ಬಿಡುತ್ತದೆ, ಮುಳ್ಳು ಬಿಡುವುದಿಲ್ಲ. ಒಂದು ಕೌದಿಗೆ ಇಪ್ಪತ್ತೊಂದು ಮುಳ್ಳು. ಹೊಲಿಗೆ ಮುಂದೆ ಸಾಗಿದಂತೆ ಒಂದೊಂದನ್ನೇ ಕಿತ್ತು ತೆಂಗಿನ ಚಿಪ್ಪಿಗೆ ಹಾಕುತ್ತಾರೆ. ಕೌದಿ ಮುಗಿದ ದಿನ ಚಿಪ್ಪನ್ನು ಅಲ್ಲಾಡಿಸಿ, ಮುಳ್ಳುಗಳನ್ನು ಅಂಗೈಗೆ ಸುರಿದು ಬೆರಳಿನಿಂದ ಎಣಿಸುತ್ತಾರೆ. ಇಪ್ಪತ್ತೊಂದು ಬಂದರೆ ಆ ಮುಳ್ಳುಗಳನ್ನು ಒಲೆಗೆ ಹಾಕಿ, ಆ ಉರಿಯಲ್ಲಿ ಚಹ ಕಾಸಿ ಕುಡಿದು, ಆಮೇಲೆ ಕೌದಿ ಕೊಟ್ಟುಬರುತ್ತಾರೆ. ಮುಳ್ಳಿನ ಚಹ ಕುಡಿಯದೆ ಕೌದಿ ಕೈ ಬಿಡುವುದಿಲ್ಲ. ದೊಡ್ಡವ್ವ ನಲವತ್ತು ವರ್ಷದಲ್ಲಿ ಒಂದು ಮುಳ್ಳೂ ಬಿಟ್ಟವಳಲ್ಲ.

ಮಬ್ಬು ಬಂದ ಮೇಲೂ ಅವಳು ಹೊಲಿಗೆ ಬಿಡಲಿಲ್ಲ. ನಿಚ್ಚಳದ ಹೊತ್ತಿನಲ್ಲಿ ಅರವತ್ತು ಸೂಜಿಗೆ ದಾರ ಪೋಣಿಸಿ ಗೋಡೆಗೆ ತೂಗುಹಾಕಿದ ಚಿಂದಿಯ ಮೂಟೆಗೆ ಚುಚ್ಚಿಡುತ್ತಾಳೆ. ತುಂಡು ಜೋಡಿಸುವುದು, ಮುಳ್ಳು ಚುಚ್ಚುವುದು, ಕೀಳುವುದು ಆ ಹೊತ್ತಿನಲ್ಲೇ. ಉಳಿದ ನೆಟ್ಟಗಿನ ಸಾಲುಗಳನ್ನು ಮಬ್ಬಿನಲ್ಲಿ ಬೆರಳಿನ ಅಳತೆಯ ಮೇಲೆ ಹೊಲಿಯುತ್ತಾಳೆ.

ನೀಲಾಂಬಿಕಾ ಅಮ್ಮನವರ ಮಗಳು ಬಾಣಂತನಕ್ಕೆ ಬಂದಿದ್ದರು. ತೊಟ್ಟಿಲಿಗೆ ಹಾಕುವ ದಿನಕ್ಕೆಂದು ದೊಡ್ಡವ್ವಳಿಗೆ ಕೌದಿ ಹೊಲಿಯಲು ಹೇಳಿದರು. ಅದೇ ದಿನಗಳಲ್ಲಿ ಚಿತ್ರ ತೆಗೆಯುವವರು ಬೇರೆ ಊರಿನಿಂದ ಬಂದರು. ಮಹಾಂತೇಶಪ್ಪನವರ ಗೆಳೆಯರಂತೆ. ಮೂರು ದಿನ ನಿಚ್ಚಳದ ಹೊತ್ತಿನಲ್ಲಿ ದೊಡ್ಡವ್ವಳ ಜಗಲಿಯ ಮೇಲೆ ಕ್ಯಾಮರಾ ನಿಲ್ಲಿಸಿಕೊಂಡು ಕೂತರು. ಅವಳು ಸೂಜಿ ಹಿಡಿದರೆ, "ಅಮ್ಮಾ, ಇನ್ನೊಂದು ಸಲ" ಎಂದರು. ಮೂರನೆಯ ದಿನ, "ಕೈ ನಿಲ್ಲಿಸಬೇಡಿ, ಹೊಲೀತಾನೇ ಇರಿ. ಮುಖ ಮಾತ್ರ ಈ ಕಡೆ. ಹಾಂ, ನಗಿ. ಹಲ್ಲು ಕಾಣಲಿ" ಎಂದರು. ದೊಡ್ಡವ್ವ ನಕ್ಕಳು. ಅವಳಿಗೆ ನಿಜವಾಗಿಯೂ ನಗು ಬಂದಿತ್ತಂತೆ. ಹೋಗುವಾಗ ಒಂದು ಸ್ಟೀಲಿನ ಡಬ್ಬಿ ಕೊಟ್ಟುಹೋದರು.

ಕೌದಿ ಮುಗಿದದ್ದು ತೊಟ್ಟಿಲ ಕಾರ್ಯಕ್ಕೆ ಮೂರು ದಿನ ಇದೆ ಎನ್ನುವಾಗ. ನಾನು ಕೆಲಸ ಮುಗಿಸಿ ಹೊಸ್ತಿಲಲ್ಲಿ ನಿಂತು ಹೆಸರು ಹೇಳಿದೆ. ಒಳಗಿನಿಂದ ಚಿಪ್ಪು ಅಲ್ಲಾಡುವ ಸದ್ದು ಬಂತು.

"ಕೈ ಚಾಚು" ಎಂದಳು ದೊಡ್ಡವ್ವ. ಚಾಚಿದೆ. ಮುಳ್ಳುಗಳನ್ನು ಒಂದೊಂದಾಗಿ ನನ್ನ ಅಂಗೈಗೆ ಇಟ್ಟಳು. "ಎಷ್ಟು?"

"ಇಪ್ಪತ್ತು."

"ಮತ್ತ ಎಣಿಸು."

"ಇಪ್ಪತ್ತ ಅದಾವ ದೊಡ್ಡವ್ವ."

ಅವಳು ಖಾಲಿ ಚಿಪ್ಪಿನೊಳಗೆ ಬೆರಳಾಡಿಸಿ ನೋಡಿದಳು. ಆಮೇಲೆ, "ಒಲಿ ಹಚ್ಚಬ್ಯಾಡ" ಎಂದಳು.

ಐದು ಪದರದ ಕೌದಿಯಲ್ಲಿ ಮುಳ್ಳು ಒಂದು ಸಾಲಿನುದ್ದಕ್ಕೆ ಮಲಗಿಬಿಟ್ಟರೆ ಬರೀ ಕೈಗೆ ಸಿಗುವುದಿಲ್ಲ. ಎಲ್ಲಿ ಮುಟ್ಟಿದರೂ ಹೊಲಿಗೆಯ ಮಡಿಕೆ, ಗಂಟು, ಹಳೆಯ ಸೀರೆಯ ಅಂಚು. ಆದರೆ ಮುಳ್ಳಿನ ಮೇಲೆ ಬಿದ್ದ ಹೊಲಿಗೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಅದು ಕಣ್ಣಿಗೆ ಮಾತ್ರ ಗೊತ್ತಾಗುವುದು. ದೊಡ್ಡವ್ವ ಮರುದಿನ ಹನ್ನೊಂದಕ್ಕೆ ಕೌದಿಯನ್ನು ಜಗಲಿಯ ಮೇಲೆ ಹಾಸಿ, ಕೆನ್ನೆಯನ್ನು ಬಟ್ಟೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ಒಂದೊಂದೇ ಸಾಲು ನೋಡಿದಳು. ಎರಡು ಗಂಟೆಗೆ ಅರ್ಧದ ಹತ್ತಿರ ಬಂದಿತ್ತು. ಅದರ ಮರುದಿನವೂ ನೋಡಿದಳು. ಒಂದು ಮೂಲೆ ಉಳಿಯಿತು. ಉಳಿದದ್ದಕ್ಕೆ ಇನ್ನೊಂದು ತಾಸು ಸಾಕಿತ್ತು. ಅದು ತೊಟ್ಟಿಲ ಕಾರ್ಯದ ದಿನವೇ ಸಿಗಬೇಕಿತ್ತು. ಕೌದಿ ಒಂದು ಗಂಟೆಗೆ ಬೇಕೆಂದು ದಿಬ್ಬದಿಂದ ಹೇಳಿಕಳಿಸಿದ್ದರು.

ಆ ದಿನ ಬೆಳಿಗ್ಗೆ ಹತ್ತಕ್ಕೇ ಮಬ್ಬು ಇಳಿಯಿತು. ಹನ್ನೊಂದಾದರೂ ಏಳಲಿಲ್ಲ. ಮಾಬುಸಾಬಿಯ ಮುಂದೆ ನೀರು ಹಚ್ಚಿಸಿಕೊಂಡು ಕೂತಿದ್ದವರು ಮುಖ ಒರೆಸಿಕೊಂಡು ಎದ್ದುಹೋದರು. ಅಕ್ಕಿಯ ಮೊರಗಳು ಹಾಗೆಯೇ ಒಳಗೆ ಹೋದವು. ಅಮ್ಮನವರ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು, ಕೌದಿಯ ಚಿತ್ರ ಅಂದೇ ಮೊದಲ ಸಲ ಬರುವುದಿತ್ತು. ಮೊದಲು ಚಿತ್ರ, ಆಮೇಲೆ ಚಿತ್ರದಲ್ಲಿ ಕಂಡ ಅದೇ ಕೌದಿಯ ಮೇಲೆ ಕೂಸನ್ನು ಮಲಗಿಸಿ ಫೋಟೋ. ಹಾಗೆಂದು ಏರ್ಪಾಟು.

ಕೌದಿ ಕೊಟ್ಟು ಆಮೇಲೆ ಕೆಲಸಕ್ಕೆ ಹೋಗುವುದೆಂದು ಆ ದಿನ ನಾನು ಮನೆಯಲ್ಲೇ ಇದ್ದೆ. ಹನ್ನೊಂದೂವರೆಗೆ ಆಫೀಸಿನಿಂದ ಫೋನು ಬಂತು. ಅಮ್ಮನವರ ಮನೆಯಲ್ಲಿ ಚಕ್ರ ಸುತ್ತುತ್ತಿದೆ, ಓಡು ಎಂದರು.

ದೊಡ್ಡವ್ವ ಜಗಲಿಯ ಮೇಲೆ ಕೌದಿಯ ಮುಂದೆ ಕೂತಿದ್ದಳು. "ಹೊಂಟಿಯೇನು?"

"ಹೂಂ."

"ನಿಲ್ಲಸ್ರಿ ಅನಬ್ಯಾಡ. ದೊಡ್ಡವರ ಮನೀ ಕಾರ್ಯ. ಒಂದ ತಾಸು ಸಣ್ಣದ ಹಾಕ್ರಿ ಅನ್ನು. ಹನ್ನೊಂದು ದಿನ ಸಣ್ಣದ ನೋಡ್ಯಾರ, ಏನೂ ಆಗಿಲ್ಲ. ಕೂಸಿನ ಸಲುವಾಗಿ ಅನ್ನು."

"ಮುಳ್ಳಿನ ಸುದ್ದಿ ಹೇಳಲೇನು?"

"ಹೇಳು. ಮುಚ್ಚಿಡೂದು ಏನೈತಿ. ನನ್ನ ಕೈಯಾಗಿಂದ ಉಳದೈತಿ, ನಾನ ತೆಗೀತೀನಿ. ಕಣ್ಣು ಕೊಡ್ರಿ ಅಷ್ಟ ಅನ್ನು."

ಹಾಲಿನಲ್ಲಿ ಮೂವತ್ತು ಜನರಿದ್ದರು. ನೆಲದ ಮೇಲೆ ಜಮಖಾನ, ಒಂದು ಮೂಲೆಯಲ್ಲಿ ಹೂವು ಸುತ್ತಿದ ತೊಟ್ಟಿಲು. ಕೋಸಂಬರಿ ಹಂಚುತ್ತಿದ್ದವರು ನಮ್ಮ ಕೇರಿಯವರೇ ಇರಬೇಕು, ಕೈಗಳು ಮಾತ್ರ ಹೊಗೆಯಂತೆ ಓಡಾಡುತ್ತಿದ್ದವು. ನಾನು ಗೋಡೆಯ ಪಕ್ಕ ಮೊಣಕಾಲೂರಿದೆ. "ಹೊಸಬಳೇನಮ್ಮ?" ಎಂದರು ನೀಲಾಂಬಿಕಾ ಅಮ್ಮನವರು. ವೈರು ಕಿತ್ತೆ. ಹತ್ತು ಎಣಿಸಿದೆ. ಹತ್ತರ ನಂತರ ಸಿಕ್ಕಿಸಲಿಲ್ಲ.

"ಅವ್ವಾರ, ಒಂದು ಮಾತು" ಎಂದೆ. ಮುಳ್ಳಿನ ಸಂಗತಿ ಹೇಳಿದೆ. ಒಂದು ತಾಸು ಚಿತ್ರವನ್ನು ಸಣ್ಣದು ಮಾಡಿದರೆ ಸಾಕು ಎಂದೆ.

ಯಾರೋ, "ಅಯ್ಯೋ, ಮುಳ್ಳಾ?" ಎಂದರು. ಅಮ್ಮನವರ ಮಗಳು ಕೂಸನ್ನು ಎದೆಗೆ ಒತ್ತಿಕೊಂಡರು. ಅಮ್ಮನವರು ಮಗನ ಮುಖ ನೋಡಿದರು.

"ಇದೆಲ್ಲ ಮೊದಲೇ ನೋಡ್ಕೋಬೇಕಲ್ವಾ? ಇಷ್ಟು ಜನ ಬಂದು ಕೂತ ಮೇಲೆ ಹೇಳಿದ್ರೆ?" ಎಂದರು ಮಹಾಂತೇಶಪ್ಪ. "ಈ ಚಿತ್ರವನ್ನ ಕಡಿಮೆ ಮಾಡಿ ನೋಡಿದ್ರೆ ನೋಡಿದ ಹಾಗೇ ಇರಲ್ಲಮ್ಮ. ಅದರ ಮಜಾ ಇರೋದೇ ದಾರ ದಾರ ಕಾಣೋದ್ರಲ್ಲಿ. ಸಿಕ್ಕಿಸು ಮೊದಲು."

ಸಿಕ್ಕಿಸಿದೆ. ಚಕ್ರ ಹೋಯಿತು. ಗೋಡೆಯ ಮೇಲೆ ದೊಡ್ಡವ್ವ ಬಂದಳು.

ಅವಳ ಮುಖ ನನಗಿಂತ ಎತ್ತರವಿತ್ತು. ನಿಚ್ಚಳದ ಹೊತ್ತಿನಲ್ಲಿ ನಾನು ಕೆಲಸದ ಮೇಲಿರುತ್ತೇನೆ. ಹಾಗಾಗಿ ಅವಳನ್ನು ನಾನು ಸರಿಯಾಗಿ ನೋಡಿ ವರ್ಷವಾಗಿತ್ತು. ಎಡಗಣ್ಣಿನ ಕೆಳಗೆ ಒಂದು ಹೊಸ ಮಚ್ಚೆ ಬಂದಿತ್ತು. ಮೂಗಿನ ಬೊಟ್ಟು ಕಳೆದಿತ್ತು, ತೂತು ಮುಚ್ಚದಿರಲೆಂದು ಕಸಬರಿಗೆ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಅವಳಿಗೆ ಇಷ್ಟು ವಯಸ್ಸಾದದ್ದು ನನಗೆ ಗೊತ್ತಿರಲಿಲ್ಲ. ಚಿತ್ರದೊಳಗಿನ ಗಂಡುದನಿಯೊಂದು ಇದು ಹೆಸರಿಲ್ಲದ ಕೈಗಳ ಕಲೆ ಎಂದಿತು. ದೊಡ್ಡವ್ವ ಚಿತ್ರ ತೆಗೆಯುವವರಿಗೆ ತನ್ನ ಹೆಸರನ್ನು ಮೂರು ಸಲ ಹೇಳಿದ್ದಳು. ಅವರು ಜಗಲಿ ಹತ್ತಿದ ದಿನಗಳು ಮೂರು.

ಅಳಿಯನವರು ಮೂಲೆಯ ಸಂಖ್ಯೆ ಓದಿ ತೃಪ್ತಿಯಿಂದ ತಲೆಯಾಡಿಸಿದರು.

ಗೋಡೆಯ ಮೇಲೆ ಕೈಗಳು ಬಂದವು. ಒಂದು ನೀಲಿ ಸ್ಕೂಲಂಗಿಯ ತುಂಡು, ಅದರ ಜೇಬು ಹಾಗೆಯೇ ಇತ್ತು. ನನ್ನದೇ ಅಂಗಿ, ಏಳನೆಯ ಇಯತ್ತೆಯದು. ಜೇಬಿನ ಪಕ್ಕದಲ್ಲಿ ಪದರಗಳನ್ನು ಹಿಡಿದುಕೊಂಡು ಒಂದು ಬಿಳಿ ಮುಳ್ಳು ಚುಚ್ಚಿಕೊಂಡಿತ್ತು. ದೊಡ್ಡವ್ವಳ ಎಡಗೈ ಅದನ್ನು ಕೀಳಲು ಅತ್ತ ಹೊರಟಿತು. ಅಷ್ಟರಲ್ಲಿ ಅವಳು ಮುಖವೆತ್ತಿದಳು. ನಕ್ಕಳು. ಮುಂಭಾಗದ ಎರಡು ಹಲ್ಲಿನ ನಡುವಿನ ಸಂದು ಕಂಡಿತು. ಹಾಲಿನಲ್ಲಿದ್ದವರು "ಓಹೋ" ಎಂದರು. ಕೈ ನಿಲ್ಲಿಸಬೇಡಿ ಎಂದು ಚಿತ್ರ ತೆಗೆಯುವವರು ಹೇಳಿದ್ದರಿಂದ ಕೈ ನಿಂತಿರಲಿಲ್ಲ. ಹಳದಿ ತುಂಡೊಂದು ಮುಳ್ಳಿನ ಮೇಲೆ ಬಂದು ಕೂತಿತು. ಸೂಜಿ ಅದರ ಅಂಚನ್ನು ಹಿಡಿದು ನಾಲ್ಕು ಹೆಜ್ಜೆ ಓಡಿತು. ಮುಳ್ಳು ಹೋಯಿತು.

"ಅಲ್ಲೈತಿ" ಎಂದೆ ನಾನು. ನನ್ನ ದನಿ ಜೋರಾಗಿತ್ತೆಂದು ಕಾಣುತ್ತದೆ, ಕೂಸು ಅಳತೊಡಗಿತು. "ಅಲ್ಲೇ ಐತ್ರಿ. ಹಿಂದಕ್ಕ ತಗೋರಿ."

ಮಹಾಂತೇಶಪ್ಪ ಹಿಂದಕ್ಕೆ ತೆಗೆದುಕೊಂಡರು. ನಿಲ್ಲಿಸಿದರು. ಹಿಗ್ಗಿಸಿದರು. ಹಳದಿ ತುಂಡಿನ ಕೆಳಗೆ ಅರ್ಧ ಮುಚ್ಚಿದ ಮುಳ್ಳು ಗೋಡೆಯ ಮೇಲೆ ಬಡಿಗೆಯಷ್ಟು ದೊಡ್ಡದಾಗಿ ನಿಂತಿತು. ಅದರ ತುದಿಯ ಕೆಂಪು ಕಲೆ, ಬುಡದಲ್ಲಿ ಸಿಪ್ಪೆ ಸುಲಿದ ಗುರುತು, ಎಲ್ಲ ಕಂಡವು.

ನೆಂಟರು ಎದ್ದುಬಂದರು. "ಏನು ಕ್ಲಿಯರ್ ರೀ!" "ಅದರ ತುದಿ ನೋಡಿ, ತುದಿ." "ನಮ್ಮ ಟಿವೀಲಿ ಇದು ಕಾಣೋದೇ ಇಲ್ಲ." ಒಬ್ಬರು ಗೋಡೆಯ ಪಕ್ಕ ನಿಂತು ಮುಳ್ಳಿನ ಜೊತೆ ಫೋಟೋ ತೆಗೆಸಿಕೊಂಡರು.

"ಸಿಕ್ತಲ್ಲ, ಇನ್ನೇನು?" ಎಂದರು ಮಹಾಂತೇಶಪ್ಪ. "ಹೋಗಿ ತೆಗೆದುಬಿಡಿ."

"ಚಿತ್ರ ಆರಸ್ರಿ ಹಂಗಾರ. ಅರ್ಧ ತಾಸು ಸಾಕು."

"ನಿಲ್ಲಿಸಿದೀನಲ್ಲ?"

"ನಿಂತ ಚಿತ್ರನೂ ತಿಂತೈತ್ರಿ."

ಅಮ್ಮನವರು ನನ್ನ ಹತ್ತಿರ ಬಂದರು. ಕೆಟ್ಟವರಲ್ಲ. ದನಿ ತಗ್ಗಿಸಿಯೇ ಮಾತಾಡಿದರು. "ನೋಡಮ್ಮ, ಒಂದೂ ಹತ್ತಕ್ಕೆ ಮುಹೂರ್ತ. ಚಿತ್ರ ಆರಿಸಿದ್ರೆ ಜನ ಎದ್ದುಬಿಡ್ತಾರೆ, ಮತ್ತೆ ಹಾಕಿದ್ರೆ ಚಕ್ರ ಸುತ್ತುತ್ತೆ. ಕೌದಿ ಹೇಗಿದೆಯೋ ಹಾಗೇ ತಗೊಂಡು ಬಾ. ಮುಳ್ಳು ಎಲ್ಲಿದೆ ಅಂತ ಗೊತ್ತಾಯ್ತಲ್ಲ, ಆ ಕಡೆ ಬಿಟ್ಟು ಈ ಕಡೆ ಮಲಗಿಸ್ತೀವಿ. ಎರಡು ನಿಮಿಷ. ಫೋಟೋ ಆದ ಮೇಲೆ ನಿಧಾನಕ್ಕೆ ತೆಗೀಲಿ."

"ಅವ್ವಾರ, ಮಬ್ಬಿನಾಗ ಆ ಕಡೆ ಯಾವುದು, ಈ ಕಡೆ ಯಾವುದು?"

"ಅದನ್ನ ನಾವು ನೋಡ್ಕೋತೀವಿ" ಎಂದರು.

ಅವರ ಮಂಚದ ಮೇಲೆ ಹಾಸಿದ ನಮ್ಮ ಹಳೆಯ ಕೌದಿಗಳನ್ನು ನಾನು ಚಿತ್ರದ ಹೊತ್ತಿನಲ್ಲಿ ನೋಡಿದ್ದೇನೆ. ಮೋಡ ಮಲಗಿದಂತೆ ಇರುತ್ತವೆ. ಅದು ಅವರಿಗೆ ಇಷ್ಟ.

ನಾನು ಇಳಿದುಬಂದೆ. ಹೊಸ್ತಿಲಲ್ಲಿ ಹೆಸರು ಹೇಳುವ ಮೊದಲೇ ದೊಡ್ಡವ್ವ, "ಏಳಲಿಲ್ಲ ಮಬ್ಬು" ಎಂದಳು.

"ಏಳೂದಿಲ್ಲ. ಆದರ ಮುಳ್ಳಿನ ಜಾಗ ಸಿಕ್ಕೈತಿ. ನನ್ನ ನೀಲಿ ಅಂಗಿ ಜೇಬು ಹುಡುಕು. ಅದರ ಬಲಕ್ಕ ಹಳದಿ ತುಂಡು."

ಜೇಬನ್ನು ಹುಡುಕಲು ಕಣ್ಣು ಬೇಕಾಗಲಿಲ್ಲ. ಅವಳ ಬೆರಳುಗಳು ಕೌದಿಯ ಮೇಲೆ ನಡೆದುಹೋಗಿ ಜೇಬಿನೊಳಗೆ ಹೊಕ್ಕವು, ಹೊರಬಂದವು, ಬಲಕ್ಕೆ ತಿರುಗಿದವು. ಹೆಬ್ಬೆರಳು ಒತ್ತುತ್ತ ಒತ್ತುತ್ತ ಒಂದು ಕಡೆ ನಿಂತಿತು. "ಹ್ಞಾ" ಎಂದಳು. ಹೆಬ್ಬೆರಳ ತುದಿಯಲ್ಲಿ ಕೆಂಪು ಹರಡಿತು. ಮಬ್ಬಿನಲ್ಲಿ ರಕ್ತಕ್ಕೂ ಅಂಚು ಇರುವುದಿಲ್ಲ.

"ಯಾವಾಗ ಬಿಟ್ಟೆನೇ ಇದನ್ನ?" ಎಂದು ಕೇಳಿದಳು.

"ನಗು ಅಂದಾಗ."

ಅವಳು ಹೆಬ್ಬೆರಳು ಬಾಯಲ್ಲಿಟ್ಟುಕೊಂಡಳು. ಯಲ್ಲವ್ವ ಜಗಲಿ ಹತ್ತುತ್ತ ತನ್ನ ಹೆಸರು ಹೇಳಿ, "ಎಳದ ಒಗಿಯವಾ, ಸಿಕ್ಕೈತಲ್ಲ" ಎಂದಳು.

"ಎಳದರ ತುದಿ ಮುರದು ಒಳಗ ಕುಂದರತೈತಿ" ಎಂದಳು ದೊಡ್ಡವ್ವ. "ಆಮ್ಯಾಲ ಅದು ದೇವರಿಗೂ ಸಿಗೂದಿಲ್ಲ. ನಾಕ ಹೊಲಿಗಿ ಬಿಚ್ಚಬೇಕು, ತುಂಡು ಎತ್ತಬೇಕು, ಬುಡದ ಕಡಿಂದ ಜಾರಸಬೇಕು. ಮುಳ್ಳು ಪೂರಾ ಬಂತೋ ಇಲ್ಲೋ ಬಿಸಿಲಿಗೆ ಹಿಡದು ನೋಡಬೇಕು. ಕಣ್ಣಿನ ಕೆಲಸ ಅದು."

ಒಂದು ಗಂಟೆಯಾದರೂ ಕೌದಿ ಹೋಗಲಿಲ್ಲ. ಒಂದೂ ಐದಕ್ಕೆ ಮಹಾಂತೇಶಪ್ಪ ತಾವೇ ಇಳಿದುಬಂದರು. ಓಣಿಯಲ್ಲಿ ಅವರೊಬ್ಬರೇ ನಿಚ್ಚಳವಾಗಿದ್ದರು. ರೇಷ್ಮೆ ಅಂಗಿಯ ಮಡಿಕೆಗಳು, ಕೈಗಡಿಯಾರದ ಮುಳ್ಳು, ಹಣೆಯ ಮೇಲಿನ ಬೆವರು, ಎಲ್ಲ. ಜಗಲಿಯ ಮೇಲೆ ನಾವು ಮೂವರು ಕೂತಿದ್ದೆವು. ಅವರು ಮೂವರನ್ನೂ ನೋಡಿ ಯಲ್ಲವ್ವಳ ಮುಂದೆ ನಿಂತರು.

"ಯಾಕಮ್ಮ ಗಾಳೆವ್ವ, ಹೇಳಿಕಳಿಸಿದ್ರೂ ಕೊಡಲಿಲ್ಲ?"

"ನಾ ಯಲ್ಲವ್ವರೀ" ಎಂದಳು ಯಲ್ಲವ್ವ. "ಈಗರ ಗ್ವಾಡಿ ಮ್ಯಾಲ ಅಕೀ ಹಲ್ಲಿನ ಸಂದು ಸೈತ ನೋಡಿ ಬಂದೀರಂತ, ಗುರ್ತ ಹತ್ತಲಿಲ್ಲೇನ್ರಿ ಸಾವ್ಕಾರ್ರ?"

"ನಾ ಗಾಳೆವ್ವ" ಎಂದಳು ದೊಡ್ಡವ್ವ ಕೂತಲ್ಲಿಂದಲೇ. ಅವಳ ಹೆಬ್ಬೆರಳು ಮತ್ತೆ ಮುಳ್ಳಿನ ಜಾಗದ ಮೇಲಿತ್ತು.

"ನೋಡಮ್ಮ, ಜಗಳ ಬೇಡ. ಒಳ್ಳೇ ದಿನ. ಎರಡು ನಿಮಿಷದ ಫೋಟೋ. ತೊಟ್ಟಿಲು ಖಾಲಿ ಇದೆ, ಜನ ಕಾಯ್ತಿದಾರೆ. ಕೊಟ್ಟುಬಿಡು."

"ಫೋನ್ ಮಾಡಿ ಚಿತ್ರ ಆರಸಂತ ಹೇಳ್ರಿ. ಅರ್ಧ ತಾಸಿನಾಗ ನಾನ ಹೊತ್ಕೊಂಡು ಬರ್ತೀನಿ."

"ಆರಿಸೋಕಾಗಲ್ಲ ಅಂತ ಹೇಳಿದೀವಲ್ಲ. ಮುಳ್ಳು ಇರೋ ಕಡೆ ಮಲಗಿಸಲ್ಲ ಅಂತಾನೂ ಹೇಳಿದೀವಿ. ಕೂಸು ನಮ್ಮದು, ಆ ಕಾಳಜಿ ನಮಗಿಲ್ವಾ? ನಿನಗ್ಯಾಕೆ ಅಷ್ಟು?"

ದೊಡ್ಡವ್ವ ಕೌದಿಯನ್ನು ತನ್ನ ಕಡೆ ಎಳೆದುಕೊಂಡಳು. ಅವರು ನನ್ನ ಕಡೆ ತಿರುಗಿದರು. ನನ್ನ ಅಂಗಿಯ ಮೇಲಿನ ಆಫೀಸಿನ ಪಟ್ಟಿ ಅವರಿಗೆ ಹೇಗೆ ಕಂಡಿತೋ. "ನೀನು ವೈರಿನ ಆಫೀಸಿನವಳಲ್ವಾ? ನಿಮ್ಮ ಸಾಹೇಬರಿಗೆ ಈಗಲೇ ಹೇಳ್ತೀನಿ. ಎತ್ತಿಕೊಡು ಅದನ್ನ."

ನಾನು ಎದ್ದು ಕೌದಿಯ ಒಂದು ಅಂಚು ಹಿಡಿದೆ. ಅವರು ಕೈ ಚಾಚಿದರು. ಆ ಅಂಚನ್ನು ನಾನು ದೊಡ್ಡವ್ವಳ ಮೊಣಕಾಲಿನ ಮೇಲೆ ಮಡಚಿ ಹಾಕಿ, ಗೋಡೆಯ ಮೂಟೆಯಿಂದ ಒಂದು ಸೂಜಿ ಕಿತ್ತು ಹೊಲಿಗೆ ಬಿಚ್ಚಲೆಂದು ಅವಳ ಕೈಗೆ ಕೊಟ್ಟು, ಮತ್ತೆ ಕೂತೆ.

ದಿಬ್ಬದ ಮೇಲಿನಿಂದ ಚಿತ್ರದ ಸಂಗೀತ ಕೇಳಿಸುತ್ತಿತ್ತು. ಯಾರೋ ಮತ್ತೆ ಮೊದಲಿನಿಂದ ಹಾಕಿದ್ದರು. ಅಲ್ಲಿಯ ಗೋಡೆಯ ಮೇಲೆ ದೊಡ್ಡವ್ವ ಮತ್ತೊಮ್ಮೆ ನಗುವ ಹೊತ್ತಾಗಿರಬೇಕು, ಏಕೆಂದರೆ "ಓಹೋ" ಎಂಬ ದನಿ ಓಣಿಯವರೆಗೆ ಬಂತು. ಜಗಲಿಯ ಮೇಲೆ ಅವಳ ಮುಖ ಇದ್ದ ಕಡೆ ಏನೂ ಇರಲಿಲ್ಲ. ಸೂಜಿ ಹಿಡಿದ ಕೈ ನಿಚ್ಚಳವನ್ನು ಕಾಯುತ್ತ ನಿಂತಿತ್ತು.

"ಗಾಳೆವ್ವ, ಕೊನೇ ಸಲ ಹೇಳ್ತಿದೀನಿ" ಎಂದರು ಮಹಾಂತೇಶಪ್ಪ. "ಕೊಡು."

"ಕೂಸು ನಿಮ್ಮದ್ರಿ ಸಾವ್ಕಾರ್ರ" ಎಂದಳು ದೊಡ್ಡವ್ವ. "ಮುಳ್ಳು ನಂದು. ಕೊಡೂದಿಲ್ಲ."